ಸುಮ್ಮನಿದ್ದವರು ನೀವು, ಮುಚ್ಚಿದ್ದು ನನ್ನ ಟಿಕೆಟ್

"60 ದಿನಗಳಿಂದ ಯಾವ ಚಟುವಟಿಕೆಯೂ ಇಲ್ಲ, ಆದ್ದರಿಂದ ನಿಮ್ಮ ಟಿಕೆಟ್ ಮುಚ್ಚಲಾಗಿದೆ" ಅಂತ ಒಂದು ಬಾಟ್ (ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ) ನನಗೆ ಮೇಲ್ ಕಳಿಸಿದೆ. ಟಿಕೆಟ್ ಅಂದರೆ ನಾವು ಬಳಸುವ ಒಂದು ಟೂಲ್‌ನ ದೋಷದ ಬಗ್ಗೆ ಅದನ್ನು ಮಾಡಿದವರಿಗೆ ನಾನು ಬರೆದ ದೂರು. ಚಟುವಟಿಕೆ ಯಾರ ಕಡೆಯಿಂದ ಆಗಬೇಕಿತ್ತು? ಅವರು ಕೇಳಿದ್ದಕ್ಕೆಲ್ಲ ನಾನು ಉತ್ತರ ಕೊಟ್ಟಾಗಿತ್ತು. ಆ ಟಿಕೆಟ್‌ನಲ್ಲಿ ಕೊನೆಯ ಮಾತು ನನ್ನದೇ. ಅದಕ್ಕೆ ಉತ್ತರ ಬರಲಿಲ್ಲ. ಉತ್ತರ ಕೊಡಬೇಕಾದವರು ಬಾಯಿ ಬಿಡಲಿಲ್ಲ ಅನ್ನೋ ಕಾರಣಕ್ಕೆ ನನ್ನ ದೂರು ಕಸಕ್ಕೆ ಹೋಗಬೇಕಾ?

ನಮ್ಮದು ಮಕ್ಕಳ ಕನ್ನಡ ಪುಸ್ತಕಗಳ ಕೆಲಸ. ಕಥೆ, ಪದಪಟ್ಟಿ, ಪಾಠ ಎಲ್ಲವನ್ನೂ ಗಿಟ್‌ನಲ್ಲಿ, ಅಂದರೆ ಕಡತಗಳ ಬದಲಾವಣೆಗಳನ್ನು ದಾಖಲಿಸುವ ಸಾಫ್ಟ್‌ವೇರ್‌ನಲ್ಲಿ, ಇಟ್ಟಿದ್ದೇವೆ. ಯಾರು ಯಾವ ಸಾಲು ತಿದ್ದಿದರು, ಯಾವಾಗ ತಿದ್ದಿದರು ಅಂತ ಗೊತ್ತಾಗಬೇಕಲ್ಲ. ಕರಡು ತಿದ್ದುವವರು ಟರ್ಮಿನಲ್ ತೆರೆದು ಕಮಾಂಡ್ ಹೊಡೆಯುವವರಲ್ಲ, ಹೊಡೆಯಬೇಕಾಗಿಯೂ ಇಲ್ಲ. ಅವರಿಗಾಗಿ ಬಟನ್ ಒತ್ತಿ ಕೆಲಸ ಮಾಡುವ ಒಂದು ಟೂಲ್ ತಗೊಂಡಿದ್ದೇವೆ. ಪುಕ್ಕಟೆ ಸಿಕ್ಕಿದ್ದಲ್ಲ. ತಲೆಗಿಷ್ಟು ಅಂತ ಪ್ರತಿ ವರ್ಷ ದುಡ್ಡು ಕಟ್ಟುತ್ತೇವೆ.

ಆ ಟೂಲ್‌ಗೆ ಕನ್ನಡ ಅಕ್ಷರ ಅಂದರೇನು ಅಂತ ಗೊತ್ತಿಲ್ಲ. ಒಬ್ಬರು "ಕತೆ" ಅಂತ ಬರೆದಿದ್ದನ್ನು ಇನ್ನೊಬ್ಬರು "ಕಥೆ" ಅಂತ ತಿದ್ದಿದರು ಅಂದುಕೊಳ್ಳಿ. ಹಳೆಯದನ್ನೂ ಹೊಸದನ್ನೂ ಹೋಲಿಸಿ ತೋರಿಸುವ ಡಿಫ್ ತೆರೆದರೆ ಬದಲಾದ ಭಾಗಕ್ಕೆ ಬಣ್ಣ ಬೀಳುತ್ತದೆ. ಅದು ಸರಿ. ಆದರೆ ಈ ಟೂಲ್ "ಥೆ"ಯನ್ನು ನಡುವೆಯೇ ಕತ್ತರಿಸುತ್ತದೆ. ಥ ಮಾತ್ರ ಬಣ್ಣದಲ್ಲಿ. ಅದರ ಎತ್ವ ಪಕ್ಕಕ್ಕೆ ಬಿದ್ದು, ಚುಕ್ಕಿಚುಕ್ಕಿಯ ಒಂದು ಸೊನ್ನೆಯ ಮೇಲೆ ಒಂಟಿಯಾಗಿ ಕೂತಿರುತ್ತದೆ. ಒತ್ತಕ್ಷರ ಇದ್ದರಂತೂ ಕೇಳಲೇಬೇಡಿ. ಒಂದು ಪುಟದಲ್ಲಿ ಹತ್ತಾರು ತಿದ್ದುಪಡಿ ಇದ್ದರೆ ತೆರೆಯ ತುಂಬ ಇಂಥ ಸೊನ್ನೆಗಳೇ. ತಿದ್ದಿದ್ದು ಸರಿಯೋ ತಪ್ಪೋ ಅಂತ ಅದನ್ನು ನೋಡಿ ಹೇಳುವುದು ಹೇಗೆ? ನಮ್ಮ ಹಿರಿಯ ಮೇಡಂ ಒಬ್ಬರು ಕಡತವೇ ಕೆಟ್ಟುಹೋಗಿದೆ ಅಂದುಕೊಂಡು, ಸರಿಯಾಗಿದ್ದ ಕಥೆಯನ್ನು ಪೂರ್ತಿ ಮತ್ತೆ ಟೈಪ್ ಮಾಡಿದರು.

ಇದಕ್ಕೆ ಪರಿಹಾರ ಯಾರೂ ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಓದುವವರ ಕಣ್ಣಿಗೆ ಒಂದು ಅಕ್ಷರ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅನ್ನುವ ನಿಯಮವನ್ನು ಯೂನಿಕೋಡ್‌ನವರು, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೆ ಕಂಪ್ಯೂಟರ್ ಸಂಕೇತ ಗೊತ್ತುಮಾಡುವವರು, ಬರೆದಿಟ್ಟಿದ್ದಾರೆ. ಅವರ ಮಾನದಂಡದ 29ನೇ ಅನುಬಂಧ ಅದು. ಅದನ್ನು ಪಾಲಿಸುವ ಲೈಬ್ರರಿಗಳು (ಸಿದ್ಧ ಕೋಡ್) ಪುಕ್ಕಟೆ ಸಿಗುತ್ತವೆ. ಬಣ್ಣ ಹಚ್ಚುವ ಮುಂಚೆ ಆ ಗಡಿ ನೋಡಿಕೊಂಡರೆ "ಥೆ" ಇಡಿಯಾಗಿ ಉಳಿಯುತ್ತದೆ. ಇದನ್ನೂ ಟಿಕೆಟ್‌ನಲ್ಲೇ ಬರೆದಿದ್ದೆ.

ಬರೆಯುವುದು ಸುಲಭದ ಕೆಲಸ ಆಗಿರಲಿಲ್ಲ. ಫಾರ್ಮ್ ಉದ್ದಕ್ಕೆ ಇದೆ. ಟೂಲ್‌ನ ಯಾವ ಆವೃತ್ತಿ, ಗಿಟ್ ಯಾವ ಆವೃತ್ತಿ, ಯಾವ ಆಪರೇಟಿಂಗ್ ಸಿಸ್ಟಂ, ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ಸ್ಕ್ರೀನ್‌ಶಾಟ್, ಲಾಗ್. ಎಲ್ಲ ತುಂಬಿದೆ. ಕೇಳುವುದು ನ್ಯಾಯ, ಅಷ್ಟು ತಿಳಿಯದೆ ಬಗ್ (ದೋಷ) ಹುಡುಕಲು ಆಗುವುದಿಲ್ಲ. ಎರಡೇ ಕಮಿಟ್ (ಗಿಟ್‌ನಲ್ಲಿ ದಾಖಲಾದ ಬದಲಾವಣೆ) ಇರುವ ಪುಟ್ಟ ರೆಪೊ (ಗಿಟ್ ಕಡತಗಳ ಸಂಗ್ರಹ) ಒಂದನ್ನು ಬೇರೆ ಮಾಡಿ ಕೊಟ್ಟೆ. ಅದನ್ನು ತೆರೆದರೆ ಸಾಕು, ಬಗ್ ಕಣ್ಣೆದುರೇ ಕಾಣುತ್ತದೆ. ಇಷ್ಟಾದ ಮೇಲೆ ಬಂದ ಉತ್ತರ: "ಹೊಸ ಆವೃತ್ತಿಯಲ್ಲಿ ನೋಡಿ ಹೇಳಿ." ನೋಡಿ ಹೇಳಿದೆ. "ಫಾಂಟ್ ಸಮಸ್ಯೆ ಇರಬಹುದು, ಬೇರೆ ಫಾಂಟ್ ಹಾಕಿ ನೋಡಿ." ಹಾಕಿದೆ, ಅದೇ ಕಥೆ. ಪ್ರತಿ ಹೊಸ ಆವೃತ್ತಿ ಬಂದಾಗಲೂ ಇದೇ ಪ್ರಶ್ನೆ. ಆ ಪುಟ್ಟ ರೆಪೊವನ್ನು ಅವರು ಒಂದು ಸಲವೂ ತೆರೆದಿಲ್ಲ. ತೆರೆದಿದ್ದರೆ ಫಾಂಟ್ ಅನ್ನುವ ಮಾತೇ ಬರುತ್ತಿರಲಿಲ್ಲ.

ಇನ್ನು ಆ ಬಾಟ್ ವಿಷಯ. ಗಿಟ್ ಪ್ರಾಜೆಕ್ಟ್‌ಗಳನ್ನು ಇಡುವ ಗಿಟ್‌ಹಬ್ ಜಾಲತಾಣದಲ್ಲಿ ಹಲವರು ಬಳಸುವ "ಸ್ಟೇಲ್" ಅನ್ನುವ ಆಕ್ಷನ್ (ಇಂಥದೇ ಬಾಟ್) ನೋಡಿ. ಅದರ ಸೆಟ್ಟಿಂಗ್ ಯಾರೂ ಬದಲಾಯಿಸದಿದ್ದರೆ, 60 ದಿನ ಮಾತುಕತೆ ಇಲ್ಲದ ಟಿಕೆಟ್‌ಗೆ ಅದು ಚೀಟಿ ಅಂಟಿಸುತ್ತದೆ, ಮತ್ತೆ 7 ದಿನ ಕಳೆದರೆ ಮುಚ್ಚುತ್ತದೆ. ಇಂಥಿಂಥ ಲೇಬಲ್ ಇರುವುದನ್ನು ಮುಟ್ಟಬೇಡ ಅಂತ ಅದಕ್ಕೆ ಹೇಳಬಹುದು. ಚೀಟಿ ಮಾತ್ರ ಅಂಟಿಸು, ಮುಚ್ಚಬೇಡ ಅಂತಲೂ ಹೇಳಬಹುದು. ಅಂದರೆ ದೂರು ಮುಚ್ಚುವುದು ಯಂತ್ರದ ಹಣೆಬರಹ ಅಲ್ಲ. ಯಾರೋ ಕೂತು, ಇದು ಹೀಗೇ ಇರಲಿ ಅಂತ ಬಿಟ್ಟ ತೀರ್ಮಾನ. ನನ್ನ ಟಿಕೆಟ್‌ಗೆ ಚೀಟಿ ಬಿದ್ದಾಗಲೆಲ್ಲ "ಇನ್ನೂ ಇದೆ" ಅಂತ ಬರೆದು ಉಳಿಸಿಕೊಳ್ಳುತ್ತಿದ್ದೆ. ಈ ಸಲ ಅಮ್ಮನ ಆಪರೇಷನ್‌ಗೆ ಊರಿಗೆ ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ಮುಚ್ಚಿತ್ತು. ಬಗ್ ಮಾತ್ರ ಎಲ್ಲಿತ್ತೋ ಅಲ್ಲೇ ಇದೆ.

ಮತ್ತೆ ತೆರೆಯಿರಿ ಅಂದರೆ "ಹೊಸ ಟಿಕೆಟ್ ಹಾಕಿ" ಅಂದರು. ಹಾಕಿದೆ. ಅದನ್ನು "ಡೂಪ್ಲಿಕೇಟ್" ಅಂತ ಮುಚ್ಚಿದರು. ಯಾವುದರ ಡೂಪ್ಲಿಕೇಟ್? ಮುಚ್ಚಿಹೋದ ಹಳೆಯದರದ್ದು! ಬಸ್ ಡಿಪೋದಲ್ಲಿ ದೂರು ಪುಸ್ತಕದ ಹಾಳೆ ಹರಿದು ಹಾಕಿ, ಆಮೇಲೆ ನಮ್ಮಲ್ಲಿ ದೂರೇ ಇಲ್ಲ ಅಂದರೆ ನಾವು ಸುಮ್ನೆ ಇರುತ್ತೇವಾ? ಅವರ ಪಟ್ಟಿಯಲ್ಲಿ ಈಗ ತೆರೆದಿರುವ ಬಗ್‌ಗಳ ಸಂಖ್ಯೆ ಕಡಿಮೆ ಕಾಣುತ್ತದೆ. ಅದನ್ನೇ ಪ್ರಗತಿ ಅಂತ ಮ್ಯಾನೇಜರ್‌ಗೆ ತೋರಿಸುತ್ತಾರೇನೋ.

ಹೊಸ ಸೌಲಭ್ಯ ಒಂದನ್ನೂ ಕೇಳಿದ್ದೆ. "ಸಾಫ್ಟ್‌ವೇರ್" ಅಂತ ಸರಿಯಾಗಿ ಕಾಣಬೇಕಾದರೆ ಟ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಗುರುತು ಇರಬೇಕು. ಅಕ್ಷರಗಳು ಒಂದಕ್ಕೊಂದು ಅಂಟಿ ಒತ್ತಕ್ಷರ ಆಗದ ಹಾಗೆ ಅದು ತಡೆಯುತ್ತದೆ. ಕೆಲವರ ಕೀಬೋರ್ಡ್ ಅದನ್ನು ಪದದ ಕೊನೆಯಲ್ಲೂ ಬಿಟ್ಟುಹೋಗುತ್ತದೆ. ಆಗ "ಬಸ್" ಅಂತ ಹುಡುಕಿದರೆ ಒಂದು ಕಡೆ ಸಿಗುತ್ತದೆ, ಇನ್ನೊಂದು ಕಡೆ ಸಿಗಲ್ಲ. ಪದಪಟ್ಟಿಯಲ್ಲಿ ಒಂದೇ ಪದ ಎರಡು ಸಲ ಬರುತ್ತದೆ. ಆ ಗುರುತು ತೆಗೆದು ಕಮಿಟ್ ಮಾಡಿದರೆ ಡಿಫ್‌ನಲ್ಲಿ ಕೆಂಪು ಸಾಲು, ಹಸಿರು ಸಾಲು, ಎರಡೂ ಒಂದೇ ಥರ. ಏನು ಬದಲಾಯಿತು ಅಂತ ಮನುಷ್ಯರಿಗೆ ಗೊತ್ತಾಗುವ ದಾರಿಯೇ ಇಲ್ಲ. ಕಾಣದ ಗುರುತುಗಳನ್ನು ತೋರಿಸುವ ಒಂದು ಬಟನ್ ಕೊಡಿ ಅಂತ ಕೇಳಿದ್ದು ಇಷ್ಟಕ್ಕೆ.

ಉತ್ತರ: "ಒಳ್ಳೆಯ ಸಲಹೆ. ಜಾಸ್ತಿ ಓಟು ಬಂದರೆ ನೋಡುತ್ತೇವೆ."

ಇದನ್ನು ಓದಿ ನಿಜವಾಗಿ ಮೈ ಉರಿಯಿತು. ಓಟು ಎಲ್ಲಿಂದ ಬರಬೇಕು? ಈ ಟೂಲ್‌ನಲ್ಲಿ ಕನ್ನಡ ಸರಿಯಾಗಿ ಓದಲು ಆಗಲ್ಲ ಅಂತ ಗೊತ್ತಾದವರು ಅದನ್ನು ಆಗಲೇ ಬಿಟ್ಟುಹೋಗಿರುತ್ತಾರೆ. ಬಿಟ್ಟವರು ಇಂಗ್ಲಿಷ್ ಫಾರ್ಮ್ ತುಂಬಿ ಓಟು ಹಾಕಲು ವಾಪಸ್ ಬರುತ್ತಾರಾ? 2011ರ ಜನಗಣತಿಯಲ್ಲಿ ಕನ್ನಡ ನಮ್ಮ ತಾಯ್ನುಡಿ ಅಂದವರು ಸುಮಾರು 4.37 ಕೋಟಿ. ತಮಿಳಿನ ಕೊಂಬು, ಬಂಗಾಳಿಯ ಸ್ವರಚಿಹ್ನೆ ಕೂಡ ಇದೇ ಥರ ಕತ್ತರಿಸಿಹೋಗುತ್ತವೆ. ಇವರೆಲ್ಲರನ್ನೂ ಬಾಗಿಲ ಹೊರಗೇ ನಿಲ್ಲಿಸಿ, ಒಳಗೆ ಎಷ್ಟು ಜನ ಕೈ ಎತ್ತಿದರು ಅಂತ ಎಣಿಸುವುದು ಯಾವ ನ್ಯಾಯ?

ಓಟು, ಫಾರ್ಮ್ ಇವೆಲ್ಲ ಬಂದದ್ದು ಹೇಗೆ ಅಂತ ನೆನಪಿದೆ. 2016ರ ಜನವರಿಯಲ್ಲಿ ದೊಡ್ಡ ದೊಡ್ಡ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಪ್ರಾಜೆಕ್ಟ್‌ಗಳನ್ನು ನಡೆಸುವವರೇ ಸೇರಿ ಗಿಟ್‌ಹಬ್‌ಗೆ ಬಹಿರಂಗ ಪತ್ರ ಬರೆದಿದ್ದರು. ನಾವು ಕೇಳಿದ ಬದಲಾವಣೆಗಳಿಗೆ ವರ್ಷಗಟ್ಟಲೆ ಉತ್ತರವೇ ಇಲ್ಲ ಅನ್ನುವುದು ಅವರ ಅಳಲು. ಬರೀ "ನನಗೂ ಬೇಕು" ಅನ್ನುವ ಕಾಮೆಂಟ್‌ಗಳಲ್ಲಿ ಮುಳುಗಿದ್ದೇವೆ, ಓಟಿನ ವ್ಯವಸ್ಥೆ ಕೊಡಿ, ಮಾಹಿತಿ ಕೇಳುವ ಫಾರ್ಮ್ ಕೊಡಿ ಅಂದರು. ಫೆಬ್ರವರಿಯಲ್ಲಿ ಫಾರ್ಮ್‌ನ ಬದಲು ಟೆಂಪ್ಲೇಟ್ ಬಂತು, ಮಾರ್ಚ್‌ನಲ್ಲಿ ಓಟಿನ ಬದಲು ಹೆಬ್ಬೆರಳು ಎತ್ತಿ ತೋರಿಸುವ 👍 ಗುರುತು ಬಂತು. ನೋಡಿ, ಅವರ ಕೂಗು ಕೇಳಿಸಿತು. ಅಂಥ ಕಾಮೆಂಟ್‌ಗಳ ಗದ್ದಲ ತಗ್ಗಿಸಲು ಬಂದ ಆ ಫಾರ್ಮ್, ಆ ಓಟು ಈಗ ನಮ್ಮಂಥವರ ಬಾಯಿ ಮುಚ್ಚಿಸಲು ಬಳಕೆಯಾಗುತ್ತಿವೆ.

ಪುಕ್ಕಟೆ ಕೆಲಸ ಮಾಡುವವರ ಮೇಲೆ ನನಗೆ ಕೋಪ ಇಲ್ಲ, ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಗಿಟ್ ಯೋಜನೆಯನ್ನೇ ನೋಡಿ. 2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಶುರು ಮಾಡಿದರು, ಅದೇ ವರ್ಷದಿಂದ ಜೂನಿಯೊ ಹಮಾನೊ ನೋಡಿಕೊಳ್ಳುತ್ತಿದ್ದಾರೆ. ಅಲ್ಲಿ ಬಗ್ ಹೇಳಬೇಕಾದರೆ ಮೇಲ್ ಬರೆಯಬೇಕು, ಅದೂ ಬರೀ ಅಕ್ಷರದ ಮೇಲ್. ಬಣ್ಣ, ದಪ್ಪಕ್ಷರ ಇದ್ದರೆ ಸರ್ವರ್ ಒಳಗೇ ಬಿಡಲ್ಲ. ಹೊಸಬರಿಗೆ ಕಷ್ಟ, ನಿಜ. ಆದರೆ 2020ರಿಂದ "ಗಿಟ್ ಬಗ್‌ರಿಪೋರ್ಟ್" ಅಂತ ಒಂದು ಕಮಾಂಡ್ ಇದೆ. ಆವೃತ್ತಿ, ಸಿಸ್ಟಂ ವಿವರವನ್ನು ಅದೇ ಬರೆದುಕೊಳ್ಳುತ್ತದೆ, ನಮ್ಮನ್ನು ಮೂರ್ನಾಲ್ಕು ನೇರ ಪ್ರಶ್ನೆ ಕೇಳುತ್ತದೆ. ಕನ್ನಡ ಹೆಸರಿನ ಕಡತ ಇಟ್ಟರೆ ಗಿಟ್ ಕೂಡ ಅದನ್ನು ಹೆಸರಾಗಿ ತೋರಿಸಲ್ಲ. "ಕಥೆ" ಅನ್ನುವುದು \340\262\225\340\262\245\340\263\206 ಅಂತ ಕಾಣುತ್ತದೆ. ಅದೂ ಕಿರಿಕಿರಿಯೇ. ಆದರೆ ಯಾಕೆ ಹಾಗೆ ಅಂತ ಕೈಪಿಡಿಯಲ್ಲಿ ಬರೆದಿದ್ದಾರೆ, "ಕೋರ್ ಕೋಟ್‌ಪಾತ್" ಅನ್ನುವ ಸೆಟ್ಟಿಂಗ್ ಆಫ್ ಮಾಡಿದರೆ ಕನ್ನಡ ಹೆಸರು ಕಾಣುತ್ತದೆ. ದುಡ್ಡು ಕೇಳದವರು ಇಷ್ಟು ಮಾಡಿದ್ದಾರೆ. ದುಡ್ಡು ತಗೊಂಡವರು ನನ್ನನ್ನು ಬಾಟ್ ಕೈಗೆ ಕೊಟ್ಟಿದ್ದಾರೆ.

"ಇದನ್ನು ನಾವು ಈ ವರ್ಷ ಸರಿ ಮಾಡಲ್ಲ" ಅಂತ ಒಬ್ಬ ಮನುಷ್ಯ ಬರೆದಿದ್ದರೆ ಬೇಜಾರಾಗುತ್ತಿತ್ತು, ಆದರೆ ಒಪ್ಪಿಕೊಳ್ಳುತ್ತಿದ್ದೆ. ಬೇರೆ ದಾರಿ ಹುಡುಕುತ್ತಿದ್ದೆ. ಟಿಕೆಟ್ ತೆರೆದೇ ಇಟ್ಟು ವರ್ಷಗಟ್ಟಲೆ ಮುಟ್ಟದೇ ಇದ್ದಿದ್ದರೂ ಪರವಾಗಿರಲಿಲ್ಲ. ನಾಳೆ ಇದೇ ಬಗ್ ಎದುರಾಗುವ ತೆಲುಗಿನವರೋ ಮಲಯಾಳಂನವರೋ ಹುಡುಕಿದಾಗ ಅದು ಸಿಗುತ್ತಿತ್ತು. ಮುಚ್ಚಿದ ಟಿಕೆಟ್ ನೋಡಿದವರು ಸರಿಹೋಗಿದೆ ಅಂದುಕೊಳ್ಳುತ್ತಾರೆ. ಅದು ಸುಳ್ಳು.

ನಮ್ಮ ಚಂದಾ ಮುಂದಿನ ತಿಂಗಳು ಮುಗಿಯುತ್ತದೆ. ಆ ಟಿಕೆಟ್ ಮತ್ತೆ ತೆರೆದು, ರೆಪೊ ನೋಡಿದ ಒಬ್ಬರು ಒಂದು ಸಾಲಾದರೂ ಬರೆಯುವವರೆಗೆ ದುಡ್ಡು ಕಟ್ಟಬೇಡಿ ಅಂತ ನಮ್ಮ ಅಕೌಂಟ್ಸ್‌ನವರಿಗೆ ಹೇಳಿದ್ದೇನೆ. ನೀವು ಬಳಸುವ ಟೂಲ್‌ನಲ್ಲೂ ಎತ್ವ, ಕೊಂಬು ಹೀಗೆ ಕಳಚಿ ಬೀಳುತ್ತಿದ್ದರೆ ದಯವಿಟ್ಟು ಸುಮ್ಮನಿರಬೇಡಿ. "ಕತೆ", "ಕಥೆ" ಅಂತ ಎರಡು ಕಮಿಟ್ ಮಾಡಿ, ಸ್ಕ್ರೀನ್‌ಶಾಟ್ ತೆಗೆದು ಅವರಿಗೆ ಕಳಿಸಿ. ಮುಚ್ಚಿದರೆ ಮತ್ತೆ ಕಳಿಸಿ.