ಹಾಲಕ್ಕಿ ನುಡಿತೈತೆ, ತಿಮಿಂಗಿಲ ನುಡಿತೈತೆ

ಬೆಳಗಿನ ಜಾವ, ಹಾಲಿನವನು ಬರುವುದಕ್ಕೂ ಮುಂಚೆ, ತಲೆಗೆ ರುಮಾಲು ಸುತ್ತಿ, ಯಾರೋ ಕೊಟ್ಟ ಹಳೆಯ ಕೋಟಿನ ಮೇಲೆ ಇನ್ನಾರೋ ಕೊಟ್ಟ ಶಾಲು ಹೊದ್ದು, ಕೈಯಲ್ಲಿ ಬುಡಬುಡಿಕೆ ಆಡಿಸುತ್ತ ಬಾಗಿಲಿಗೆ ಬರುತ್ತಿದ್ದವನನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ‘ಹಾಲಕ್ಕಿ ನುಡಿತೈತೆ, ಹಾಲಕ್ಕಿ ನುಡಿತೈತೆ, ಈ ಮನಿಗೆ ಶುಭ ನುಡಿತೈತೆ’ ಎಂದು ಅವನು ಸಾರುತ್ತಿದ್ದ. ಹಕ್ಕಿಯ ನುಡಿಯನ್ನು ಕನ್ನಡಕ್ಕೆ ತಂದುಕೊಟ್ಟ ಸೇವೆಗೆ ಅವನು ಪಡೆಯುತ್ತಿದ್ದದ್ದು ಒಂದು ಮೊರ ಅಕ್ಕಿ, ಹೆಚ್ಚೆಂದರೆ ಒಂದು ಹಳೆಯ ಅಂಗಿ. ಆ ಅನುವಾದದ ಒಂದು ವೈಶಿಷ್ಟ್ಯವನ್ನು ನಾನು ಬಾಲ್ಯದಲ್ಲಿ ಗಮನಿಸಿರಲಿಲ್ಲ. ಹಕ್ಕಿ ಯಾವತ್ತೂ ತನ್ನ ಗೂಡಿನ ವಿಷಯ, ತನ್ನ ಮೊಟ್ಟೆಯ ವಿಷಯ ಮಾತಾಡಿದ್ದಿಲ್ಲ. ಅದು ನುಡಿದದ್ದೆಲ್ಲ ನಮ್ಮ ಮನೆಯ ಹೆಣ್ಣುಮಗಳ ಮದುವೆ ಮತ್ತು ಯಜಮಾನರ ಕೋರ್ಟು ಕೇಸಿನ ವಿಷಯವೇ. ಅನುವಾದ ತಪ್ಪಾಗಿದೆ ಎಂದು ತಕರಾರು ತೆಗೆಯಲು ಹಕ್ಕಿಯೂ ಬರಲಿಲ್ಲ.

ಈಗ ಆ ಹುದ್ದೆಯನ್ನು ಕೃತಕ ಬುದ್ಧಿಮತ್ತೆಗೆ ವಹಿಸಲಾಗಿದೆ. ಕೋಟು ಹೊಸದು, ಬುಡಬುಡಿಕೆಯ ಜಾಗದಲ್ಲಿ ಪತ್ರಿಕಾ ಪ್ರಕಟಣೆ, ಒಂದು ಮೊರ ಅಕ್ಕಿಯ ಜಾಗದಲ್ಲಿ ಬಂಡವಾಳ ಹೂಡಿಕೆ.

ಕೆರಿಬಿಯನ್ ಸಮುದ್ರದ ಡೊಮಿನಿಕಾ ದ್ವೀಪದ ಬಳಿ ಸ್ಪರ್ಮ್ ವೇಲ್ ಜಾತಿಯ ತಿಮಿಂಗಿಲಗಳಿವೆ. ಅವು ಪರಸ್ಪರ ಟಿಕ್ ಟಿಕ್ ಎಂಬ ಸದ್ದುಗಳ ಗೊಂಚಲುಗಳನ್ನು ಹೊರಡಿಸುತ್ತವೆ. ಇಂಥ ಒಂದು ಗೊಂಚಲಿಗೆ ವಿಜ್ಞಾನಿಗಳು ಕೋಡಾ ಎನ್ನುತ್ತಾರೆ. ತಿಮಿಂಗಿಲಗಳ ಸದ್ದನ್ನು ಅಭ್ಯಸಿಸುವ ಪ್ರಾಜೆಕ್ಟ್ ಸೆಟಿ ಎಂಬ ಯೋಜನೆಯವರೂ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರೂ ಸೇರಿ ಇಂಥ 8,719 ಕೋಡಾಗಳನ್ನು ಯಂತ್ರಕ್ಕೆ ಉಣಿಸಿ, ಅವುಗಳಲ್ಲಿ 18 ಬಗೆಯ ಲಯವೂ 5 ಬಗೆಯ ಗತಿಯೂ ಇವೆಯೆಂದೂ, ನಡುನಡುವೆ ಕಾಲವನ್ನು ಹಿಗ್ಗಿಸುವ ಕುಗ್ಗಿಸುವ ಪದ್ಧತಿಯೂ, ಕೊನೆಗೊಂದು ಹೆಚ್ಚಿನ ಟಿಕ್ ಸೇರಿಸುವ ಅಲಂಕಾರವೂ ಇದೆಯೆಂದೂ 2024ರಲ್ಲಿ ಪ್ರಕಟಿಸಿದರು. ಇದು ಒಳ್ಳೆಯ ಕೆಲಸ, ಅದರಲ್ಲಿ ನನಗೆ ಎರಡನೆಯ ಮಾತಿಲ್ಲ. ಇದಕ್ಕೆ ‘ಧ್ವನಿ ವರ್ಣಮಾಲೆ’ ಎಂದು ಹೆಸರಿಟ್ಟ ಆ ಸಂಶೋಧಕರೇ ಕೋಡಾಗಳ ಅರ್ಥ ತಮಗೆ ಗೊತ್ತಿಲ್ಲವೆಂದು ಒಪ್ಪಿಕೊಂಡಿದ್ದರು. ಆದರೆ ಆ ಒಪ್ಪಿಗೆ ಪ್ರಬಂಧದಿಂದ ಹೊರಟು ಪತ್ರಿಕಾ ಪ್ರಕಟಣೆ ದಾಟಿ, ಸುದ್ದಿವಾಹಿನಿ ತಲುಪಿ, ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ಬರುವಷ್ಟರಲ್ಲಿ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು. ‘ತಿಮಿಂಗಿಲಗಳ ಭಾಷೆ ಪತ್ತೆ, ಇನ್ನು ಮನುಷ್ಯನೊಬ್ಬನೇ ಮಾತುಗಾರನಲ್ಲ’ ಎಂಬ ಸಂದೇಶದ ಕೆಳಗೆ ಹದಿನಾಲ್ಕು ಜನ ಕೈಮುಗಿದಿದ್ದರು.

ನಮ್ಮ ಓಣಿಯ ಮೃದಂಗದ ಮೇಷ್ಟರಿಗೆ ಈ ಸುದ್ದಿ ತೋರಿಸಿದೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿ, ‘ಏಳು ತಾಳ, ಐದು ಜಾತಿ, ಒಟ್ಟು ಮೂವತ್ತೈದು. ನಮ್ಮಲ್ಲಿ ಇನ್ನೂ ಹೆಚ್ಚೇ ಇದೆಯಲ್ಲ’ ಎಂದರು. ಅವರ ಮಾತು ತಮಾಷೆಯಾಗಿ ಕಂಡರೂ ಯಂತ್ರಪಂಡಿತರಿಗೆ ಹೊಳೆಯದ ಒಂದು ಸಂಗತಿ ಅದರಲ್ಲಿ ಅಡಗಿದೆ. ‘ತದಿಗಿಣತೊಂ’ ಎಂಬ ಸೊಲ್ಲುಕಟ್ಟಿಗೆ, ಅಂದರೆ ಮೃದಂಗದ ಪೆಟ್ಟುಗಳನ್ನು ಬಾಯಲ್ಲಿ ಹೇಳುವ ಜೋಡಣೆಗೆ, ಬಿಗಿಯಾದ ನಿಯಮವಿದೆ, ಅದನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು, ಇನ್ನೊಂದರೊಡನೆ ಜೋಡಿಸಬಹುದು, ಅದು ಮೂರು ಸಲ ಬಂದು ಸಮಕ್ಕೆ ನಿಂತರೆ ಮುಕ್ತಾಯವೆಂದು ಸಭೆಯ ಹಿಂದಿನ ಸಾಲಿನಲ್ಲಿ ತೂಕಡಿಸುವವನಿಗೂ ತಿಳಿಯುತ್ತದೆ. ಇಷ್ಟಿದ್ದೂ ‘ತದಿಗಿಣತೊಂ’ ಎಂದರೆ ಏನು ಎಂದು ಯಾರೂ ನಿಘಂಟು ತೆರೆಯುವುದಿಲ್ಲ. ಮೇಷ್ಟರ ಹತ್ತು ವರ್ಷಗಳ ಕಛೇರಿಯನ್ನು ಯಂತ್ರಕ್ಕೆ ಉಣಿಸಿದರೆ ಅದು ಮುಂದಿನ ಸೊಲ್ಲನ್ನು ತಪ್ಪಿಲ್ಲದೆ ಊಹಿಸೀತು; ಆ ಊಹೆಯ ಬಲದಿಂದ ಮೇಷ್ಟರು ಇಷ್ಟು ವರ್ಷ ಸಭಿಕರಿಗೆ ಹವಾಮಾನ ವರದಿ ಒದಗಿಸುತ್ತಿದ್ದರೆಂದು ಘೋಷಿಸಿದರೆ, ಮೇಷ್ಟರು ಸುಮ್ಮನಿರುವವರಲ್ಲ. ತಿಮಿಂಗಿಲಕ್ಕೆ ಆ ಅನುಕೂಲವಿಲ್ಲ.

ಅರ್ಥ ಬೇಕೆನ್ನುವವರಿಗೆ ಸಂಭಾಷಣೆಯ ನಿದರ್ಶನವೂ ಇದೆ. 2021ರ ಆಗಸ್ಟಿನಲ್ಲಿ ಅಲಾಸ್ಕದ ಕಡಲಿನಲ್ಲಿ ಸಂಶೋಧಕರು ನೀರಿನೊಳಗೆ ಸ್ಪೀಕರ್ ಇಳಿಬಿಟ್ಟು, ಹಂಪ್‌ಬ್ಯಾಕ್ ತಿಮಿಂಗಿಲಗಳು ಪರಸ್ಪರ ಸಂಪರ್ಕಕ್ಕೆ ಬಳಸುವ ಒಂದು ಕರೆಯನ್ನು ಬಿತ್ತರಿಸಿದರು. ಟ್ವೇನ್ ಎಂದು ಅವರು ಹೆಸರಿಟ್ಟಿದ್ದ ತಿಮಿಂಗಿಲವೊಂದು ದೋಣಿಯ ಬಳಿ ಬಂದು, ಸುತ್ತು ಹಾಕಿ, ಕರೆಗೆ ಕರೆ ಕೊಟ್ಟಿತು. 20 ನಿಮಿಷಗಳಲ್ಲಿ ಅದೇ ಒಂದು ಕರೆಯನ್ನು 36 ಬಾರಿ ಬಿತ್ತರಿಸಲಾಯಿತು. ಇದು ಜಗತ್ತಿನಾದ್ಯಂತ ‘ತಿಮಿಂಗಿಲದೊಂದಿಗೆ 20 ನಿಮಿಷ ಸಂಭಾಷಣೆ’ ಎಂದು ಸುದ್ದಿಯಾಯಿತು. ಮಲೆನಾಡಿನಲ್ಲಿ ಸಿಗ್ನಲ್ ಸಿಗುವ ಒಂದೇ ಬಂಡೆಯ ಮೇಲೆ ನಿಂತು ‘ಹಲೋ… ಹಲೋ… ಕೇಳಿಸ್ತಾ ಇದ್ಯಾ… ಹಲೋ’ ಎಂದು ಅರ್ಧ ಗಂಟೆ ಕೂಗಿದವರಿಗೆ, ತಾವು ನಡೆಸಿದ್ದು ಸಂಭಾಷಣೆಯೆಂದು ಈವರೆಗೆ ಗೊತ್ತಿರಲಿಲ್ಲ. ಆ ತಿಮಿಂಗಿಲದ ವರ್ತನೆಯಲ್ಲಿ ಮೂರು ಹಂತಗಳನ್ನು ಸಂಶೋಧಕರು ಪ್ರಾಮಾಣಿಕವಾಗಿ ದಾಖಲಿಸಿದ್ದಾರೆ: ಮೊದಲು ಆಸಕ್ತಿ, ಆಮೇಲೆ ಕಿರಿಕಿರಿ, ಕೊನೆಗೆ ನಿರ್ಗಮನ.

ಈ ಮೂರು ಹಂತಗಳನ್ನು ನಾನು ಧಾರವಾಡದಲ್ಲಿ ಹತ್ತಿರದಿಂದ ಕಂಡಿದ್ದೇನೆ. ನಮ್ಮ ಸೋದರತ್ತೆಯ ಖಾತೆಯಿಂದ ಒಂದು ಬ್ಯಾಂಕು ಇನ್ನೂರ ಮೂವತ್ತಾರು ರೂಪಾಯಿ ಕಡಿದುಕೊಂಡಿತ್ತು. ಸಹಾಯವಾಣಿಗೆ ಕರೆ ಮಾಡಿದಾಗ, ಈಗ ನೀವು ಸಹಜವಾಗಿ ಕನ್ನಡದಲ್ಲೇ ಮಾತನಾಡಬಹುದು ಎಂದು ಯಂತ್ರವೊಂದು ಇಂಪಾದ ದನಿಯಲ್ಲಿ ಆಹ್ವಾನಿಸಿತು. ಅತ್ತೆ ಸೆರಗು ಸರಿಮಾಡಿಕೊಂಡು, ಎದುರಿಗೇ ಯಾರೋ ಕುಳಿತಿದ್ದಾರೆಂಬಂತೆ, ‘ಯಪ್ಪಾ, ನನ್ನ ರೊಕ್ಕ ಕಟ್ ಆಗ್ಯಾವ, ಯಾಕ ಆಗ್ಯಾವ ಅಷ್ಟ ಹೇಳು’ ಎಂದರು. ಕ್ಷಮಿಸಿ, ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳಿ ಎಂದಿತು ಯಂತ್ರ. ಅತ್ತೆ ದನಿ ಏರಿಸಿ ಮತ್ತೊಮ್ಮೆ ಹೇಳಿದರು. ಮೂರನೆಯ ಸಲ ನಾನೇ ಫೋನು ತೆಗೆದುಕೊಂಡು ಪಠ್ಯಪುಸ್ತಕದ ಕನ್ನಡದಲ್ಲಿ ‘ಖಾತೆಯಿಂದ ಹಣ ಕಡಿತಗೊಂಡಿದೆ’ ಎಂದೆ. ಗೃಹಸಾಲದಲ್ಲಿ ಆಸಕ್ತಿ ತೋರಿಸಿದ್ದಕ್ಕೆ ಧನ್ಯವಾದ ಎಂದಿತು. ‘ಇದಕ್ಕ ಮಂದಿ ಮಾತ ತಿಳ್ಯಂಗಿಲ್ಲ, ಮೀನಿನ ಮಾತ ತಿಳೀತದಂತ’ ಎಂದು ಅತ್ತೆ ಅಡುಗೆಮನೆಗೆ ಎದ್ದುಹೋದರು. ತಿಮಿಂಗಿಲ ಮೀನಲ್ಲ, ಸಸ್ತನಿ ಎಂದು ತಿದ್ದುವ ಸಮಯ ಅದಾಗಿರಲಿಲ್ಲ.

ಡಾಲ್ಫಿನ್‌ಗಳ ಸರದಿ 2025ರ ಏಪ್ರಿಲಿನಲ್ಲಿ ಬಂತು. ಗೂಗಲ್ ಸಂಸ್ಥೆಯು ಡಾಲ್ಫಿನ್‌ಜೆಮ್ಮಾ ಎಂಬ ಕೃತಕ ಬುದ್ಧಿಮತ್ತೆಯ ಮಾದರಿಯನ್ನು ಪ್ರಕಟಿಸಿತು. ಸುಮಾರು 40 ಕೋಟಿ ನಿಯತಾಂಕಗಳ, ಅಂದರೆ ಕಲಿಯುವಾಗ ಯಂತ್ರ ಹೊಂದಿಸಿಕೊಳ್ಳುವ ಅಂಕಿಗಳ, ಈ ಮಾದರಿ ಮೊಬೈಲ್ ಫೋನಿನಲ್ಲೇ ಓಡುತ್ತದೆ. ಇದಕ್ಕೆ ಬೇಕಾದ ಧ್ವನಿಗಳನ್ನು ಒದಗಿಸಿದ್ದು ಡೆನಿಸ್ ಹರ್ಜಿಂಗ್ ಅವರ ತಂಡ. 1985ರಿಂದ ಬಹಾಮಾಸ್‌ನ ನೀರಿನಲ್ಲಿ ಮುಳುಗೆದ್ದು, ಯಾವ ಡಾಲ್ಫಿನ್ ಯಾರ ಮಗಳು, ಯಾರ ಮೊಮ್ಮಗ ಎಂಬುದನ್ನು ಬರೆದಿಟ್ಟವರು ಅವರು. ನಲವತ್ತು ವರ್ಷ ನೀರಿನಲ್ಲಿ ನೆನೆದವರ ಹೆಸರು ಸುದ್ದಿಯ ಆರನೆಯ ಪರಿಚ್ಛೇದದಲ್ಲಿತ್ತು, ಫೋನಿನ ಹೆಸರು ಮೊದಲನೆಯದರಲ್ಲಿ. ಮಾದರಿ ಮಾಡುವುದಾದರೂ ಏನು? ಒಂದು ಸದ್ದಿನ ನಂತರ ಯಾವ ಸದ್ದು ಬರಬಹುದೆಂದು ಊಹಿಸುತ್ತದೆ. ಮನುಷ್ಯರ ಭಾಷೆಯಲ್ಲಿಯೂ ಅದರ ಅಣ್ಣತಮ್ಮಂದಿರು ಮಾಡುವುದು ಇದನ್ನೇ, ಮತ್ತು ಹಾಗೆ ಊಹಿಸುವುದಕ್ಕೆ ಅರ್ಥ ಮಾಡಿಕೊಳ್ಳುವುದು ಎನ್ನಬೇಕೇ ಬೇಡವೇ ಎಂದು ಪಂಡಿತರು ಇನ್ನೂ ಕಿತ್ತಾಡುತ್ತಿದ್ದಾರೆ. ಗಂಡಿನ ಮನೆಯನ್ನೂ ಕಾಣದ, ಹೆಣ್ಣಿನ ಮನೆಯನ್ನೂ ಕಾಣದ ಮದುವೆ ದಲ್ಲಾಳಿಯೊಬ್ಬನು ಎರಡೂ ಕಡೆಯವರ ಜಾತಕ ಕೂಡಿದೆಯೆಂದು ಪ್ರಮಾಣಪತ್ರ ಕೊಟ್ಟಂತೆ ಈ ವ್ಯವಹಾರ.

ದಲ್ಲಾಳಿಗೆ ಕಮಿಷನ್ನೂ ಇದೆ. ಜೆರೆಮಿ ಕಾಲರ್ ಫೌಂಡೇಶನ್ ಮತ್ತು ಟೆಲ್ ಅವೀವ್ ವಿಶ್ವವಿದ್ಯಾಲಯ, ಪ್ರಾಣಿಯೊಂದಿಗೆ ಎರಡೂ ಕಡೆಯಿಂದ ಮಾತುಕತೆ ಸಾಧಿಸಿದವರಿಗೆ 1 ಕೋಟಿ ಡಾಲರ್ ಹೂಡಿಕೆ ಅಥವಾ 5 ಲಕ್ಷ ಡಾಲರ್ ನಗದು ಕೊಡುವುದಾಗಿ ಸಾರಿವೆ. ಷರತ್ತುಗಳಲ್ಲಿ ಒಂದು ಬಹಳ ಸೊಗಸಾಗಿದೆ: ತಾನು ಮನುಷ್ಯನೊಂದಿಗೆ ಮಾತನಾಡುತ್ತಿದ್ದೇನೆಂಬುದು ಪ್ರಾಣಿಗೆ ಗೊತ್ತಾಗಬಾರದು. ಗೊತ್ತಾದರೆ ಅದು ಮಾತು ನಿಲ್ಲಿಸುತ್ತದೆಂಬ ಭಯವೋ ಏನೋ. ಹಾಗಿದ್ದರೆ ಪ್ರಾಣಿಗಳ ಬುದ್ಧಿಯ ಬಗ್ಗೆ ಈ ಬಹುಮಾನ ಸಮಿತಿಗಿರುವ ಗೌರವ ಉಳಿದವರಿಗಿಂತ ದೊಡ್ಡದು.

ಇದೆಲ್ಲ ಮೊದಲ ಸಲ ನಡೆಯುತ್ತಿದೆಯೆಂದು ತಿಳಿಯುವುದೂ ತಪ್ಪು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕ ಬಿಡಿಸುತ್ತಿತ್ತು. 1904ರಲ್ಲಿ ಸಮಿತಿಯೊಂದು ಬಂದು ನೋಡಿ, ಇದರಲ್ಲಿ ಮೋಸವಿಲ್ಲ ಎಂದು ವರದಿ ಕೊಟ್ಟಿತು. ಆಮೇಲೆ ಆಸ್ಕರ್ ಫಂಗ್ಸ್ಟ್ ಎಂಬವರು ಸರಳವಾದ ಪ್ರಶ್ನೆಯೊಂದನ್ನು ಎತ್ತಿದರು: ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ? ಆಗ ಕುದುರೆಗೂ ಗೊತ್ತಿರಲಿಲ್ಲ. ಕೇಳುವವನ ಮುಖ, ತಲೆ, ಭುಜಗಳ ಸಣ್ಣ ಚಲನೆ ಕಂಡು ಅದು ಗೊರಸು ನಿಲ್ಲಿಸುತ್ತಿತ್ತು. ನಮ್ಮ ಕೋಲೆ ಬಸವನ ಮುಂದೆ ನಿಂತು ‘ಈ ವರ್ಷ ಮಳೆ ಬರುತ್ತದೆಯೇ ಬಸವಣ್ಣ?’ ಎಂದು ಕೇಳಿ, ಅದು ತಲೆ ಆಡಿಸಿದ ಮೇಲೆ ಹಣ ಹಾಕಿದ ಯಾವ ರೈತನೂ ಆ ಬಸವ ಹವಾಮಾನ ಇಲಾಖೆಯಲ್ಲಿ ಓದಿ ಬಂದಿದೆ ಎಂದುಕೊಂಡಿರಲಿಲ್ಲ. ಹಗ್ಗ ಯಾರ ಕೈಯಲ್ಲಿದೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಬರ್ಲಿನ್ನಿನಲ್ಲಿ ಹಗ್ಗ ಕಾಣದೆಹೋದದ್ದಕ್ಕೆ ಸಮಿತಿ ಬೇಕಾಯಿತು; ಈಗಿನ ಹಗ್ಗದಲ್ಲಿ 40 ಕೋಟಿ ಎಳೆಗಳಿವೆ.

ನಿಮ್ ಎಂಬ ಚಿಂಪಾಂಜಿಯ ಕಥೆ ಇದಕ್ಕಿಂತ ಪಾವನ. ಭಾಷೆ ಮನುಷ್ಯನಿಗೆ ಮಾತ್ರ ಎನ್ನುತ್ತಿದ್ದ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿಯವರನ್ನು ಕೆಣಕಲೆಂದೇ ಆ ಮರಿಗೆ ನಿಮ್ ಚಿಂಪ್‌ಸ್ಕಿ ಎಂದು ಹೆಸರಿಟ್ಟು, ಕೊಲಂಬಿಯಾ ವಿಶ್ವವಿದ್ಯಾಲಯದ ಹರ್ಬರ್ಟ್ ಟೆರೇಸ್ ಅದಕ್ಕೆ ಸನ್ನೆಭಾಷೆ ಕಲಿಸಿದರು. ನಿಮ್ ಹೇಳಿದ ಅತಿ ಉದ್ದದ ವಾಕ್ಯದಲ್ಲಿ 16 ಸನ್ನೆಗಳಿದ್ದವು. ಕನ್ನಡದಲ್ಲಿ ಅದು ಹೀಗಾಗುತ್ತದೆ: ‘ಕೊಡು ಕಿತ್ತಳೆ ನನಗೆ ಕೊಡು ತಿನ್ನು ಕಿತ್ತಳೆ ನನಗೆ ತಿನ್ನು ಕಿತ್ತಳೆ ಕೊಡು ನನಗೆ ತಿನ್ನು ಕಿತ್ತಳೆ ಕೊಡು ನನಗೆ ನೀನು.’ ಟೆರೇಸ್ ಅವರು ವಿಡಿಯೊಗಳನ್ನು ಮತ್ತೆ ಮತ್ತೆ ನೋಡಿ, ಇದು ವಾಕ್ಯವಲ್ಲ, ಶಿಕ್ಷಕರ ಸನ್ನೆಯ ಅನುಕರಣೆ ಮತ್ತು ಹಣ್ಣಿನ ಹಂಬಲ ಎಂದು 1979ರಲ್ಲಿ ತಾವೇ ಬರೆದರು. ಅವರು ಸ್ವಲ್ಪ ಅವಸರ ಮಾಡಿದರೆಂದು ನನ್ನ ಅಭಿಪ್ರಾಯ. ಕಿತ್ತಳೆಯ ಜಾಗದಲ್ಲಿ ಖಾತೆ ಎಂದು ಸೇರಿಸಿ ಓದಿದರೆ, ಸಂಪುಟ ವಿಸ್ತರಣೆಯ ವಾರದಲ್ಲಿ ನಾವು ಕೇಳುವ ಭಾಷಣಗಳಿಗೂ ಇದಕ್ಕೂ ವ್ಯಾಕರಣದಲ್ಲಿ ಯಾವ ವ್ಯತ್ಯಾಸವೂ ಇಲ್ಲ.

ಅತ್ತ ಮನುಷ್ಯಭಾಷೆಯ ಅನನ್ಯತೆಯನ್ನು ಕಾಯುವವರ ಪಾಡೂ ನಗೆಪಾಟಲೇ. ಅವರದು ಸಹಕಾರ ಸಂಘದ ಚುನಾವಣೆಯ ರೀತಿ: ಎದುರಾಳಿ ಅರ್ಹನಾದ ಕೂಡಲೇ ಬೈಲಾ ತಿದ್ದುಪಡಿ. ಕಣ್ಣೆದುರಿಗಿಲ್ಲದ ವಸ್ತುವಿನ ಬಗ್ಗೆ ಹೇಳುವುದು ಮನುಷ್ಯನಿಗೆ ಮಾತ್ರ ಸಾಧ್ಯ ಎಂದರು. ದೂರದ ಹೂವಿನ ದಿಕ್ಕನ್ನೂ ದೂರವನ್ನೂ ಜೇನುನೊಣ ಕುಣಿದು ತಿಳಿಸುತ್ತದೆಂದು ತೋರಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಬಂತು. ಒಬ್ಬರಿಗೊಂದು ಹೆಸರಿಟ್ಟು ಕರೆಯುವುದು ನಮ್ಮ ಹಕ್ಕು ಎಂದುಕೊಂಡಿದ್ದರು. ಕೀನ್ಯಾದ ಆನೆಗಳು ಪರಸ್ಪರ ಹೆಸರಿನಂಥ ಕರೆಗಳನ್ನು ಬಳಸುತ್ತವೆಂದು 2024ರಲ್ಲಿ ವರದಿಯಾಯಿತು. 469 ಕರೆಗಳನ್ನು ಪರಿಶೀಲಿಸಿದ ಯಂತ್ರ, ಯಾರನ್ನು ಕರೆದದ್ದೆಂದು ಶೇಕಡಾ 27.5ರಷ್ಟು ಸಲ ಸರಿಯಾಗಿ ಹೇಳಿತಂತೆ. ಕುರುಡು ಊಹೆಗೆ ಶೇಕಡಾ 8 ಸಿಗುವಲ್ಲಿ ಇದು ದೊಡ್ಡ ಸಾಧನೆಯೇ ಸರಿ; ಮೂವತ್ತೈದಕ್ಕೆ ಪಾಸು ಎಂಬ ಕಾಲದಲ್ಲಿ ಎಸ್ಸೆಸ್ಸೆಲ್ಸಿ ಬರೆದ ನನಗೆ ಮಾತ್ರ ಯಂತ್ರದ ಬಗ್ಗೆ ಮರುಕವಾಯಿತು.

ಆನೆಯ ಮಾತಿಗೆ ಯಂತ್ರ ಬೇಕೆಂದು ಕೊಡಗಿನಲ್ಲಾಗಲಿ ಸಕಲೇಶಪುರದಲ್ಲಾಗಲಿ ಯಾರೂ ಹೇಳಲಾರರು. 2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿದ್ದವು. ಅವುಗಳಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಕಾಫಿ ತೋಟದ ಬೇಲಿ ಮುರಿದು, ಗದ್ದೆಗಿಳಿದು, ಬೆಳಗಿನವರೆಗೆ ಭತ್ತದ ನಡುವೆ ನಿಂತರೆ, ಅದು ಏನನ್ನು ಹೇಳುತ್ತಿದೆಯೆಂಬುದು ಗದ್ದೆಯವನಿಗೂ ಗೊತ್ತು, ತೋಟದವನಿಗೂ ಗೊತ್ತು, ಹಿಂದೆ ಅಲ್ಲಿದ್ದ ಕಾಡು ಎಲ್ಲಿ ಹೋಯಿತೆಂದು ಗೊತ್ತಿರುವ ಎಲ್ಲರಿಗೂ ಗೊತ್ತು. ಅದಕ್ಕೆ ನಾವು ಕೊಡುವ ಉತ್ತರ ಇದು: ‘ವಿಷಯ ಗಮನಕ್ಕೆ ಬಂದಿದ್ದು, ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಅನನ್ಯತಾವಾದಿಗಳು ವೃಥಾ ಚಿಂತಿಸುತ್ತಿದ್ದಾರೆ. ಅವರು ಹುಡುಕುತ್ತಿರುವ ವಸ್ತು ಈ ಸಾಲಿನಲ್ಲಿದೆ. ಗಮನಕ್ಕೆ ಬಂದದ್ದು ಯಾರ ಗಮನಕ್ಕೆಂದು ಇಲ್ಲಿ ಹೇಳಿಲ್ಲ, ಪರಿಶೀಲಿಸುವವನು ಇಲ್ಲ, ಕಾಲ ಇಲ್ಲ, ಸ್ಥಳ ಇಲ್ಲ, ಆದರೂ ವಾಕ್ಯ ವ್ಯಾಕರಣಶುದ್ಧವಾಗಿದೆ. ಜೇನುನೊಣ ಎಷ್ಟೇ ಕುಣಿದರೂ ‘ಹೂವಿನ ದಿಕ್ಕನ್ನು ಶೀಘ್ರದಲ್ಲೇ ತಿಳಿಸಲಾಗುವುದು’ ಎಂದು ಕುಣಿಯಲಾರದು. ಕುಣಿದರೆ ಆ ಗೂಡು ಮಳೆಗಾಲ ದಾಟುವುದಿಲ್ಲ.

ಮನುಷ್ಯರ ಮಾತೂ ತಿಮಿಂಗಿಲದ ಸದ್ದೂ ಒಂದೇ ವೇದಿಕೆಯಲ್ಲಿ ಸರಿಸಮನಾಗಿ ಕುಳಿತ ಸಂದರ್ಭ ನನಗೆ ತಿಳಿದಂತೆ ಒಂದಿದೆ. 1977ರಲ್ಲಿ ಅಮೆರಿಕದ ನಾಸಾ ಎರಡು ವಾಯೇಜರ್ ನೌಕೆಗಳಿಗೆ ಚಿನ್ನದ ಲೇಪದ ಧ್ವನಿಮುದ್ರಿಕೆಗಳನ್ನು ಕಟ್ಟಿ ಕಳಿಸಿತು. ಅನ್ಯಲೋಕದವರು ಯಾರಾದರೂ ಸಿಕ್ಕರೆ ಕೇಳಲೆಂದು 55 ಭಾಷೆಗಳಲ್ಲಿ ಶುಭಾಶಯಗಳಿವೆ. ಅವುಗಳಲ್ಲಿ ಕನ್ನಡವೂ ಒಂದು. ಕನ್ನಡಿಗರ ಪರವಾಗಿ ನಮಸ್ತೆ ಹೇಳಿ, ಶುಭಾಶಯ ಕೋರಲಾಗಿದೆ. ಅದೇ ಮುದ್ರಿಕೆಯಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲದ ಹಾಡನ್ನೂ ಶುಭಾಶಯಗಳ ಜೊತೆಗೇ ಸೇರಿಸಿದ್ದಾರೆ. ನಮ್ಮದು ನಮಸ್ತೆಯೆಂಬುದು ನಮಗೆ ಗೊತ್ತು. ತಿಮಿಂಗಿಲದ್ದು ಶುಭಾಶಯವೋ, ಹೆಣ್ಣಿಗೆ ಕೊಟ್ಟ ಆಹ್ವಾನವೋ, ಹತ್ತಿರ ಬಂದ ದೋಣಿಗೆ ಬೈದ ಬೈಗುಳವೋ, ಯಾರೂ ಕೇಳಲಿಲ್ಲ. ಶುಭಾಶಯವೆಂದು ತೀರ್ಮಾನಿಸಿ ಕಳಿಸಿಬಿಟ್ಟರು. ವಾಯೇಜರ್-1 ಈಗ 2,400 ಕೋಟಿ ಕಿಲೋಮೀಟರಿಗೂ ಆಚೆ ಇದೆ. ಎಂದಾದರೊಂದು ದಿನ ಅತ್ತಲಿಂದ ಉತ್ತರ ಬಂದು, ಅದು ನೇರವಾಗಿ ಸಮುದ್ರಕ್ಕೆ ಇಳಿದುಹೋದರೆ, ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಅದಕ್ಕೂ ಹದಿನಾಲ್ಕು ಜನ ಕೈಮುಗಿಯುತ್ತಾರೆ.