ಬಿಸಿ ಬುಗ್ಗೆಯ ಜೀವಕ್ಕೂ ಒಂದು ಊರಿದೆ

2020ರಲ್ಲಿ ನಾನು ಹುಬ್ಬಳ್ಳಿಯ ಒಂದು ಲ್ಯಾಬಿನಲ್ಲಿ ಕೊರೊನಾದ ಆರ್‌ಟಿ-ಪಿಸಿಆರ್ ಟೆಸ್ಟ್ ಮಾಡುತ್ತಿದ್ದೆ. ಮೈನಸ್ 20 ಡಿಗ್ರಿಯ ಫ್ರೀಜರ್‌ನಿಂದ ಪುಟ್ಟ ಟ್ಯೂಬ್ ತೆಗೆದು ಐಸ್ ಮೇಲೆ ಇಟ್ಟುಕೊಂಡೇ ಕೆಲಸ ಶುರು. ಅದರೊಳಗಿನ ಕಿಣ್ವದ (ಎನ್‌ಜೈಮ್) ಮೂಲ ಬಿಸಿನೀರ ಬುಗ್ಗೆ ಅಂತ ಅವ್ವನಿಗೆ ಹೇಳಿದೆ. "ಸುಡು ನೀರಾಗ ಯಾವ ಜೀವ ಇರ್ತೈತೋ ತಮ್ಮಾ?" ಅಂದಳು.

ಇರುತ್ತದೆ. 1966ರಲ್ಲಿ ವಿಜ್ಞಾನಿ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಅಮೆರಿಕದ ಯೆಲ್ಲೋಸ್ಟೋನ್ ಪಾರ್ಕಿನ ಬುಗ್ಗೆಯಿಂದ ಒಂದು ಬ್ಯಾಕ್ಟೀರಿಯಾ ತಂದು ಬೆಳೆಸಿದರು. ಹೆಸರು ಥರ್ಮಸ್ ಅಕ್ವಾಟಿಕಸ್. 70 ಡಿಗ್ರಿ ಬಿಸಿಯಲ್ಲಿ ಅದು ಹುಲುಸಾಗಿ ಬೆಳೆಯುತ್ತದೆ.

ಪಿಸಿಆರ್ ಅಂದರೆ ಡಿಎನ್‌ಎಯ ಒಂದು ತುಣುಕನ್ನು ಸುತ್ತು ಸುತ್ತಾಗಿ ನಕಲು ಮಾಡಿ ಹೆಚ್ಚಿಸುವ ವಿಧಾನ. ಪ್ರತಿ ಸುತ್ತಿನಲ್ಲಿ ಡಿಎನ್‌ಎಯ ಎರಡು ಎಳೆ ಬಿಡಿಸಲು 95 ಡಿಗ್ರಿಯವರೆಗೆ ಕಾಯಿಸಬೇಕು. ಆಮೇಲೆ ತಣಿಸಿ, ಪ್ರತಿ ಎಳೆಗೂ ಹೊಸ ಜೋಡಿ ಕಟ್ಟಿಸಬೇಕು. ಕಟ್ಟುವ ಕೆಲಸ ಕಿಣ್ವದ್ದು. ಕ್ಯಾರಿ ಮುಲ್ಲಿಸ್ 1983ರಲ್ಲಿ ಈ ವಿಧಾನ ಕಂಡುಹಿಡಿದಾಗ ಸಾಮಾನ್ಯ ಕಿಣ್ವ ಬಳಸುತ್ತಿದ್ದರು. ಮೊಟ್ಟೆ ಬೆಂದರೆ ಬಿಳಿಭಾಗ ಗಟ್ಟಿಯಾಗುತ್ತದಲ್ವಾ, ಹಾಗೆ ಅದು ಪ್ರತಿ ಸುತ್ತಿಗೂ ಕೆಡುತ್ತಿತ್ತು. ಪ್ರತಿ ಸಲ ಹೊಸದಾಗಿ ಹಾಕಬೇಕಿತ್ತು. ಬುಗ್ಗೆಯ ಬ್ಯಾಕ್ಟೀರಿಯಾದ ಕಿಣ್ವಕ್ಕೆ ಆ ಕಾವು ಲೆಕ್ಕಕ್ಕಿಲ್ಲ. ಒಮ್ಮೆ ಹಾಕಿದರೆ ಮುಗಿಯಿತು. 30 ಸುತ್ತಿಗೆ ಒಂದು ಡಿಎನ್‌ಎ ತುಣುಕು 100 ಕೋಟಿ ದಾಟುತ್ತದೆ. ಇದಿಲ್ಲದೆ ಆ ವರ್ಷ ನಾವು ಅಷ್ಟು ಜನರ ಟೆಸ್ಟ್ ಮಾಡಲು ಆಗುತ್ತಲೇ ಇರಲಿಲ್ಲ.

ಇನ್ನು ನಮ್ಮ ಕಡೆ ಬೆಳೆಯುವ ಗೋವಿನಜೋಳ. ಅದರ ಪಿಷ್ಟವನ್ನು ಸಿಹಿ ಪಾಕ ಮಾಡುವ ಕಾರ್ಖಾನೆಗಳಲ್ಲೂ ಬಿಸಿ ತಾಳುವ ಬ್ಯಾಕ್ಟೀರಿಯಾಗಳ ಕಿಣ್ವವೇ ಬೇಕು.

1991ರಲ್ಲಿ ಪಿಸಿಆರ್ ಹಕ್ಕುಗಳು 30 ಕೋಟಿ ಡಾಲರ್‌ಗೆ ಮಾರಾಟವಾದವು. ಆ ಪಾರ್ಕಿಗೆ ಅದರಲ್ಲಿ ಒಂದು ಪೈಸೆಯೂ ಸಿಗಲಿಲ್ಲ. ಬ್ರಾಕ್ ಆ ಬ್ಯಾಕ್ಟೀರಿಯಾವನ್ನು ಯಾರು ಬೇಕಾದರೂ ಪಡೆಯಲಿ ಅಂತ ಸೂಕ್ಷ್ಮಜೀವಿಗಳ ಸಂಗ್ರಹಾಲಯಕ್ಕೆ ಕೊಟ್ಟಿದ್ದರು. ಅವರದು ದೊಡ್ಡ ಮನಸ್ಸು. ಆದರೆ ಆ ನೆಲದ ಪಾಲು?

ಈಗ ನಮ್ಮ ಲಡಾಖ್ ನೋಡಿ. ಮರಳಿನ ದಿಬ್ಬ ಹೆಚ್ಚು ಕಾಣದಿದ್ದರೂ ಅದು ಮರುಭೂಮಿಯೇ. ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ 100 ಮಿಲಿಮೀಟರ್ ಆಸುಪಾಸು. ಗದಗದ ಬರಗಾಲದಲ್ಲೂ ಅದಕ್ಕಿಂತ ಜಾಸ್ತಿ ಬೀಳುತ್ತದೆ. ಅಲ್ಲಿನ ಪುಗಾ ಕಣಿವೆಯಲ್ಲಿ, 4,400 ಮೀಟರ್ ಎತ್ತರದಲ್ಲಿ, ಗಂಧಕ ಮತ್ತು ಬೋರಾಕ್ಸ್ ತುಂಬಿದ ಬುಗ್ಗೆಗಳಿವೆ. ಅಷ್ಟು ಎತ್ತರದಲ್ಲಿ ನೀರು 85 ಡಿಗ್ರಿಗೇ ಕುದಿಯುತ್ತದೆ. ಸುತ್ತ ಹಿಮ, ಒಳಗೆ ಕುದಿ, ಮೇಲೆ ಸುಡುವ ಬಿಸಿಲು. ಇಷ್ಟೆಲ್ಲ ತಾಳಿಕೊಂಡ ಜೀವಿಗಳು ಅಲ್ಲಿವೆ. ನೆಲದ ಆ ಬಿಸಿಯಿಂದ ವಿದ್ಯುತ್ ತೆಗೆಯಲು 2021ರಲ್ಲಿ ಕೇಂದ್ರ ಸರ್ಕಾರದ ತೈಲ ಕಂಪನಿ ಒಎನ್‌ಜಿಸಿ ಒಪ್ಪಂದ ಮಾಡಿಕೊಂಡಿದೆ. ವಿದ್ಯುತ್ ಬೇಡ ಅಂತ ನಾನು ಹೇಳುವುದಿಲ್ಲ. ಇನ್ನಷ್ಟು ಕೊರೆಯುವ ಮೊದಲು ಪ್ರತಿ ಬುಗ್ಗೆಯ ಜೀವಿಗಳನ್ನು ತೆಗೆದಿಡಿ, ಆ ಊರಿನ ಹೆಸರಲ್ಲಿ ಬರೆದಿಡಿ ಅನ್ನುತ್ತೇನೆ.

ಇದಕ್ಕೆ ಹೊಸ ಕಾನೂನೂ ಬೇಡ. 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಸೂಕ್ಷ್ಮಜೀವಿಗಳೂ ಸೇರಿವೆ. ಲಾಭ ಹಂಚಿಕೊಳ್ಳುವ ನಿಯಮವೂ ಇದೆ. ಊರೂರಿನ ಜೀವವೈವಿಧ್ಯ ಸಮಿತಿ ದಾಖಲಾತಿ ಬರೆಯಬೇಕು. ಕಪ್ಪತಗುಡ್ಡದ ಬುಡದಲ್ಲಿರುವ ನಮ್ಮೂರಿನ ದಾಖಲಾತಿ ತೆಗೆಸಿ ನೋಡಿದೆ. ಬೇವು, ಬನ್ನಿ, ಔಷಧಿ ಗಿಡ, ನವಿಲು ಎಲ್ಲ ಇವೆ. ಮಣ್ಣಿನ, ನೀರಿನ ಜೀವಿಗಳ ಬಗ್ಗೆ ಒಂದು ಸಾಲೂ ಇಲ್ಲ. ನಮ್ಮಲ್ಲಿ ಬಿಸಿ ಬುಗ್ಗೆ ಇಲ್ಲ, ನಿಜ. ಗುಡ್ಡದ ಕೆಂಪು ಮಣ್ಣಿದೆ, ಬೇಸಿಗೆಯಲ್ಲಿ ಸೀಳು ಬಿಡುವ ಎರೆ ನೆಲವಿದೆ.

ಮುಂದಿನ ಗ್ರಾಮಸಭೆಗೆ ಅರ್ಜಿ ಬರೆದಿಟ್ಟಿದ್ದೇನೆ. ಧಾರವಾಡದಲ್ಲಿ ಮೈಕ್ರೋಬಯಾಲಜಿ ಓದುತ್ತಿರುವ ಹುಡುಗ ಹುಡುಗಿಯರು ಯಾರಾದರೂ ಮಣ್ಣಿನ ಸ್ಯಾಂಪಲ್ ತೆಗೆಯಲು ಜೊತೆಗೆ ಬರುವುದಾದರೆ ಮೆಸೇಜ್ ಮಾಡಿ. ಊಟ, ವಸತಿ ನಮ್ಮನೆಯಲ್ಲೇ.