ಪಂಚಾಂಗದೊಳಗಿನ ಹೂವು

ಪುಣೆಯ ಕೋಥರೂಡಿನ ನಮ್ಮ ಬಾಲ್ಕನಿಯಲ್ಲಿ ಬೋಗನ್‌ವಿಲ್ಲಾ ಎಷ್ಟೇ ಅರಳಿದರೂ ಧಾರವಾಡದಿಂದ ಬಂದ ನಮ್ಮ ಅತ್ತೆಯವರು ಅದನ್ನು ಕಾಗದದ ಹೂವೆಂದೇ ಕರೆಯುತ್ತಾರೆ, ದೇವರಿಗೆ ಏರಿಸುವುದಿಲ್ಲ. ಮೊನ್ನೆ ಮಗಳು ನ್ಯೂಜೆರ್ಸಿಯ ತನ್ನ ಹಿತ್ತಲಿನ ಡಾಗ್‌ವುಡ್ ಮರದ ಹೂವೊಂದನ್ನು ಪುಸ್ತಕದಲ್ಲಿ ಒತ್ತಿ ತಂದಿದ್ದಳು. ಅತ್ತೆಯವರು ಕನ್ನಡಕ ಏರಿಸಿ ನೋಡಿ, “ಇದೂ ಕಾಗದದ ಹೂವ ಅಲ್ಲೇನವಾ?” ಎಂದರು.

ಅವರ ಮಾತು ಸಸ್ಯಶಾಸ್ತ್ರಕ್ಕೂ ಒಪ್ಪುವಂಥದು. ತಿಳಿಗುಲಾಬಿಯ ಆ ನಾಲ್ಕು ಅಗಲ ದಳಗಳು ದಳಗಳಲ್ಲ, ಬಣ್ಣ ತಾಳಿದ ಎಲೆಗಳು. ನಿಜವಾದ ಹೂಗಳು ನಡುವೆ, ಒಣಗಿದ ಮೇಲೆ ಮೆಣಸಿನ ಕಾಳಿಗಿಂತ ತುಸು ದೊಡ್ಡದಾಗಿ ಉಳಿದ ಗೊಂಚಲಿನಲ್ಲಿದ್ದವು. ನಮ್ಮ ಬೋಗನ್‌ವಿಲ್ಲಾದಲ್ಲಿಯೂ ಮೂರು ಬಣ್ಣದೆಲೆಗಳ ಮಡಿಲಲ್ಲಿ ಕಡ್ಡಿಯಂತಹ ಮೂರು ಸಣ್ಣ ಹೂಗಳು ಅಡಗಿರುತ್ತವೆ.

ಮಗಳ ಮರ ಎರಡು ಮನೆತನಗಳ ಬೀಗತನದಿಂದ ಹುಟ್ಟಿದ್ದು. ರಟ್ಗರ್ಸ್ ವಿಶ್ವವಿದ್ಯಾಲಯದ ಎಲ್ವಿನ್ ಆರ್ಟನ್ ಅವರು ಅಮೆರಿಕದ ಫ್ಲೋರಿಡಾ ಎಂಬ ಡಾಗ್‌ವುಡ್ ಜಾತಿಯನ್ನೂ ಪೂರ್ವ ಏಷ್ಯಾದ ಕೌಸಾ ಎಂಬ ಜಾತಿಯನ್ನೂ ಕೂಡಿಸಿ ‘ಸ್ಟೆಲ್ಲರ್ ಪಿಂಕ್’ ಮೊದಲಾದ ತಳಿಗಳನ್ನು ಪಡೆದರು. ಫ್ಲೋರಿಡಾದ ಬಣ್ಣದೆಲೆಯ ತುದಿಯಲ್ಲಿ ಉಗುರಿನಿಂದ ಗಿಲ್ಲಿದಂತಹ ಗುರುತಿದ್ದರೆ ಕೌಸಾದ ತುದಿ ಚೂಪು. ಮೊದಲನೆಯದು ಎಲೆ ಮೂಡುವ ಮುನ್ನವೇ ಅವಸರದಿಂದ ಅರಳುತ್ತದೆ, ಎರಡನೆಯದು ಎಲೆಯೆಲ್ಲ ತುಂಬಿದ ಮೇಲೆ ನಿಧಾನವಾಗಿ. ಮಿಶ್ರತಳಿ ಇವೆರಡರ ನಡುವಿನ ದಿನಗಳನ್ನು ಹಿಡಿಯುವುದರಿಂದ ಮೂರನ್ನೂ ನೆಟ್ಟವರ ತೋಟದಲ್ಲಿ ಹೂವಿನ ಕಾಲಕ್ಕೆ ಬಿಡುವೇ ಇರುವುದಿಲ್ಲ. ಶಿಲೀಂಧ್ರದಿಂದ ಬರುವ ಆಂತ್ರಾಕ್ನೋಸ್ ರೋಗ 1970ರ ದಶಕದಿಂದೀಚೆಗೆ ಕಾಡಿನ ಫ್ಲೋರಿಡಾ ಮರಗಳನ್ನು ಬಹಳವಾಗಿ ಕೊಂದಿರುವಾಗ, ಕೌಸಾದ ಕಡೆಯಿಂದ ಬಂದ ತಡೆಯುವ ಶಕ್ತಿ ಇದಕ್ಕೆ ದೊಡ್ಡ ಆಸ್ತಿ. ಆದರೆ ಈ ಮರ ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ. ಅಂಗಳ ಗುಡಿಸುವವರಿಗೆ ಅದು ಅನುಕೂಲವಿರಬಹುದು. ಫ್ಲೋರಿಡಾದ ಕೆಂಪು ಹಣ್ಣಿಗೆ ಬಾಯಿ ಬಿಡುವ ಹಕ್ಕಿಗಳ ಪರವಾಗಿ ನನಗೆ ಅದು ಮೋಸವೆಂದೇ ತೋರುತ್ತದೆ.

ಒಂದು ಸಸಿಯನ್ನು ತರಿಸಬಾರದೇ ಎಂದು ನಮ್ಮ ಸೊಸೈಟಿಯ ಮಾಳಿ ಕೇಳಿದ. ಚಳಿಗಾಲದಲ್ಲಿ ಎಲೆ ಉದುರಿಸಿ ಗಾಢವಾಗಿ ಮಲಗಿದರೆ ಮಾತ್ರ ವಸಂತದಲ್ಲಿ ಏಳುವ ಮರಕ್ಕೆ ಪುಣೆಯ ಡಿಸೆಂಬರಿನ ಚಳಿ ಬರಿಯ ಜೋಂಪು ಹತ್ತಲೂ ಸಾಲದೆಂದು ವಿವರಿಸಬೇಕಾಯಿತು. ಅತ್ತೆಯವರು ಅಷ್ಟರಲ್ಲಿ ಮರದ ಹೆಸರು ಕೇಳಿದ್ದರು. ನಾಯಿಕಟ್ಟಿಗೆ ಎಂದು ಅಕ್ಷರಶಃ ಹೇಳಿದ್ದೇ ನನ್ನ ತಪ್ಪಾಯಿತು. ಹೂವನ್ನು ಹಿಡಿದು ದೇವರ ಕೋಣೆಯ ಕಡೆಗೆ ಹೊರಟಿದ್ದ ಅವರು ಬಾಗಿಲಲ್ಲೇ ನಿಂತು, ತುಸು ಯೋಚಿಸಿ, ಅದನ್ನು ಹಳೆಯ ವರ್ಷದ ಪಂಚಾಂಗದೊಳಗೆ ಇಟ್ಟರು.